ನರಗುಂದದ ಆರೋಪಿ

ಸೇಡಿನ ಸಿನಿಮಾ ನೋಡುವಾಗ ನನ್ನ ಗಮನ ಕೊಲೆಯ ದೃಶ್ಯಕ್ಕಿಂತ ಅದರ ಹಿಂದಿನ ಕಾಗದಪತ್ರಗಳ ಕಡೆಗೇ ಹೋಗುತ್ತದೆ. ದೂರು ಬರೆದವರು ಯಾರು, ಸಾಕ್ಷಿ ಹೇಳಿದವರು ಯಾರು, ಯಾರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ? 1955ರ ಬಂಗಾಲಿ ಚಿತ್ರ ‘ಸಬಾರ್ ಉಪರೆ’ಯಲ್ಲಿ ಮಾಡದ ಕೊಲೆಗಾಗಿ ತಂದೆ ಹನ್ನೆರಡು ವರ್ಷ ಜೈಲಿನಲ್ಲಿ ಕೊಳೆಯುತ್ತಾನೆ. ತಂದೆಯಾಗಿ ಛಬಿ ಬಿಸ್ವಾಸ್, ಮಗನಾಗಿ ಉತ್ತಮ್ ಕುಮಾರ್. ಮಗ ಕತ್ತಿ ಹಿಡಿಯುವುದಿಲ್ಲ, ಹಳೆಯ ಸಾಕ್ಷಿಗಳನ್ನು ಹುಡುಕಿಕೊಂಡು ಊರು ಅಲೆಯುತ್ತಾನೆ. ಎ.ಜೆ. ಕ್ರೋನಿನ್‌ನ ಕಾದಂಬರಿಯಿಂದ ಬಂದ ಇದೇ ಕತೆ 1958ರಲ್ಲಿ ಹಿಂದಿಯಲ್ಲಿ ‘ಕಾಲಾ ಪಾನಿ’ಯಾಯಿತು, ದೇವ್ ಆನಂದ್ ಮಗನಾದ. ಎರಡರಲ್ಲೂ ಕೊನೆಗೆ ನ್ಯಾಯ ಸಿಗುತ್ತದೆ. ಕಳೆದುಹೋದ ವರ್ಷಗಳು ಮಾತ್ರ ಸಿಗುವುದಿಲ್ಲ.

‘ಕಾಲಾ ಪಾನಿ’ ಬಂದ ವರ್ಷಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1858ರಲ್ಲಿ, ನಮ್ಮ ನರಗುಂದದಲ್ಲಿ ಒಂದು ಸೇಡಿನ ಕತೆ ನಡೆಯಿತು. ಅದರಲ್ಲಿ ಕೊಂದವನು ಯಾರೆಂಬ ಗುಟ್ಟಿಲ್ಲ. ನರಗುಂದದ ಸಂಸ್ಥಾನಿಕ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್‌ನನ್ನು ಕೊಲ್ಲಿಸಿದ. ಶಾಲೆಯ ಪಾಠಪುಸ್ತಕದಲ್ಲಿ ಇದು ನಾಲ್ಕು ಸಾಲು, ಲಾವಣಿಯಲ್ಲಿ ಒಂದು ಇಡೀ ರಾತ್ರಿ. ಪುಸ್ತಕ ಅವನನ್ನು ಬಂಡಾಯಗಾರ ಅನ್ನುತ್ತದೆ, ಲಾವಣಿ ವೀರ ಅನ್ನುತ್ತದೆ. ನನ್ನ ಪ್ರಶ್ನೆ ಬೇರೆ: ಕೊಲೆಗೂ ಮೊದಲು ಅವನ ಮೇಲಿದ್ದ ಆರೋಪ ಯಾವುದು?

ಅದಕ್ಕೆ ಆ ಸೀಮೆಯ ಎರೆಹೊಲಗಳಿಂದಲೇ ಶುರುಮಾಡಬೇಕು. ರೋಣ, ನರಗುಂದ, ರೋಣದಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ಗಜೇಂದ್ರಗಡ: ಇಲ್ಲಿ ಜೋಳ, ಹತ್ತಿ ಬೆಳೆಯುವ ಹೊಲಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ಇನಾಮು ಭೂಮಿಗಳಾಗಿದ್ದವು. ದೇವರ ಇನಾಮು, ಮಠದ ಇನಾಮು, ದೇಸಾಯಿ-ನಾಡಗೌಡರ ವತನ, ಊರ ಸೇವೆ ಮಾಡುವವರ ಸಣ್ಣಪುಟ್ಟ ಮಾನ್ಯ. ಬಾದಶಹ ಕೊಟ್ಟದ್ದು, ಪೇಶ್ವೆ ಮುಂದುವರಿಸಿದ್ದು, ಯಾವನೋ ಅಧಿಕಾರಿ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು. ಹಿರಿಯರು ಉಂಡರು, ಮೊಮ್ಮಕ್ಕಳೂ ಉಂಡರು. ಊರು ಒಪ್ಪಿತ್ತು, ಅದೇ ದಾಖಲೆ.

1818ರಲ್ಲಿ ಪೇಶ್ವೆಯ ರಾಜ್ಯ ಬಿತ್ತು. ಹೊಸ ದೊರೆಗೆ ಈ ಒಪ್ಪಿಗೆ ಸಾಲಲಿಲ್ಲ. 1843ರಲ್ಲಿ ದಕ್ಷಿಣ ಮರಾಠಾ ಪ್ರಾಂತದಲ್ಲಿ, ಅಂದರೆ ಧಾರವಾಡ-ಬೆಳಗಾವಿಯ ನಮ್ಮ ಸೀಮೆಯಲ್ಲಿ, ಇನಾಮು ತನಿಖೆ ಶುರುವಾಯಿತು. 1852ರ ಹನ್ನೊಂದನೆಯ ಕಾಯ್ದೆಯಿಂದ ಇನಾಮು ಕಮಿಷನ್ನಿಗೆ ಪೂರ್ತಿ ಕಾನೂನಿನ ಬಲ ಬಂತು. ಅದು ಕೆಲಸ ಮಾಡುತ್ತಿದ್ದ ರೀತಿ ಗಮನಿಸಬೇಕು. ‘ಈ ಭೂಮಿ ನಿನ್ನದಲ್ಲ’ ಎಂದು ಸರಕಾರ ಸಾಬೀತು ಮಾಡಬೇಕಾಗಿರಲಿಲ್ಲ, ‘ಇದು ನನ್ನದು’ ಎಂದು ಉಳುವವನೋ ಉಣ್ಣುವವನೋ ಸಾಬೀತು ಮಾಡಬೇಕಿತ್ತು. ಸನದು ತೋರಿಸು. ತೋರಿಸಿದರೆ ಅದು ಖೊಟ್ಟಿಯಲ್ಲವೆಂದು ತೋರಿಸು. ಆಮೇಲೆ ಪುಣೆಯ ಪೇಶ್ವೆ ದಫ್ತರದ ಲೆಕ್ಕದೊಂದಿಗೆ ಅದನ್ನು ತಾಳೆ ನೋಡುತ್ತಾರೆ. ಗೆದ್ದಲು ತಿಂದ ಕಾಗದಕ್ಕೆ, ಬೆಂಕಿಗೆ ಹೋದ ಮನೆಗೆ ವಿನಾಯತಿ ಎಲ್ಲಿಯದು?

ಕಮಿಷನ್ನಿನ ಲೆಕ್ಕವನ್ನು ಆ ಕಾಲದ ಇಂಗ್ಲಿಷ್ ಇತಿಹಾಸಕಾರರೇ ಕೊಡುತ್ತಾರೆ. ಸುಮಾರು 35,000 ಹಿಡುವಳಿಗಳ ಹಕ್ಕುಪತ್ರ ಕೇಳಲಾಯಿತು, ಅವುಗಳಲ್ಲಿ ಐದಕ್ಕೆ ಮೂರು ಪಾಲು ಸರಕಾರದ ವಶವಾದವು. ಅಷ್ಟು ಮನೆಗಳ ಯಜಮಾನರು ಒಂದು ದಿನ ಎದ್ದು ನೋಡುವಾಗ, ಕಳ್ಳತನ ಮಾಡದೆಯೇ ಕಳ್ಳರ ಸಾಲಿನಲ್ಲಿ ನಿಂತಿದ್ದರು. ನ್ಯಾಯದ ಮಾತಿನಲ್ಲಿ ಇದನ್ನು ಏನೆಂದು ಕರೆಯುವುದು ಎಂದು ನಾನು ಯೋಚಿಸಿದ್ದೇನೆ. ಒಬ್ಬ ಮನುಷ್ಯನ ಮೇಲೆ ಸುಳ್ಳು ಆರೋಪ ಹೊರಿಸಿದರೆ ಅದು ಅನ್ಯಾಯ. ಒಂದು ಪ್ರಾಂತದ ಮೇಲೆಯೇ ಹೊರಿಸಿದರೆ ಅದಕ್ಕೆ ಕಂದಾಯದ ಸುಧಾರಣೆ ಎಂಬ ಹೆಸರು ಬರುತ್ತದೆ.

ಈ ಮಣ್ಣಿಗೆ ಸರಕಾರಿ ಕಾಗದದ ಮೇಲಿನ ಅನುಮಾನ ಆಮೇಲೂ ಹೋಗಲಿಲ್ಲ. 1980ರ ಜುಲೈ 21ರಂದು ಇದೇ ನರಗುಂದದಲ್ಲಿ ರೈತರು ಬೀದಿಗಿಳಿದದ್ದು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ. ಎಷ್ಟೋ ಹೊಲಗಳಿಗೆ ನೀರಿಗಿಂತ ಮೊದಲು ನೋಟೀಸು ಬಂದಿತ್ತು. ಆ ದಿನವೂ ಎರಡೂ ಕಡೆ ಹೆಣ ಬಿದ್ದವು. ಅದು ಬೇರೆಯದೇ ಒಂದು ಬರಹಕ್ಕೆ ತಕ್ಕ ವಿಷಯ.

ಬಾಬಾಸಾಹೇಬನ ಮನೆತನಕ್ಕೆ ಕಾಗದದ ಬೆಲೆ ಉಳಿದವರಿಗಿಂತ ಚೆನ್ನಾಗಿ ಗೊತ್ತಿತ್ತು. 1785ರಲ್ಲಿ ಟಿಪ್ಪು ಸುಲ್ತಾನನ ಪಡೆ ನರಗುಂದವನ್ನು ಮುತ್ತಿತು. ಹೆಚ್ಚಿನ ಕಪ್ಪ ಕೇಳಿದ್ದು, ಕೊಡಲೊಲ್ಲೆ ಎಂದದ್ದು ಜಗಳದ ಮೂಲ. ಆಗಿನ ಸಂಸ್ಥಾನಿಕ ವೆಂಕಟರಾವ್ ಭಾವೆ, ಅವನ ಕಾರಭಾರಿ ಕಾಳೋಪಂತ ಪೇಠೆ ಇಬ್ಬರೂ ಶರಣಾದ ಮೇಲೆ ಬೇಡಿಹಾಕಿಸಿಕೊಂಡು ಕಬ್ಬಾಳದುರ್ಗದ ಸೆರೆಗೆ ಹೋದರು. ಅದರ ಬೆನ್ನಿಗೆ ಮರಾಠರು, ನಿಜಾಮರು ಒಂದುಗೂಡಿ ಟಿಪ್ಪುವಿನ ಮೇಲೆ ಯುದ್ಧ ಹೂಡಿದರು. ಬಾದಾಮಿ ಬಿತ್ತು, ಗಜೇಂದ್ರಗಡ ಬಿತ್ತು. 1787ರಲ್ಲಿ ಗಜೇಂದ್ರಗಡದಲ್ಲೇ ಒಪ್ಪಂದವಾಗಿ ನರಗುಂದ, ಕಿತ್ತೂರು, ಬಾದಾಮಿಗಳು ಮರಾಠರ ಕಡೆಗೆ ಮರಳಿದವು. ಘೋರ್ಪಡೆಯವರ ಆ ಗುಡ್ಡದ ಊರಿಗೆ ಇವತ್ತು ಜನ ಹೋಗುವುದು ಕಾಲಕಾಲೇಶ್ವರನ ಗುಡಿಗಾಗಿ. ಎರಡು ರಾಜ್ಯಗಳ ಗಡಿ ಅಲ್ಲಿ ತಿದ್ದುಪಡಿಯಾಯಿತೆಂಬುದು ಎಷ್ಟು ಜನಕ್ಕೆ ನೆನಪಿದೆಯೋ. ಭಾವೆಯವರ ಮಟ್ಟಿಗಂತೂ ಸೆರೆಯಲ್ಲಿ ಮುಗಿಯಬೇಕಾಗಿದ್ದ ಕತೆಗೆ ಗಜೇಂದ್ರಗಡದ ಒಂದು ಕಾಗದ ಜೀವ ಕೊಟ್ಟಿತ್ತು.

ಎಪ್ಪತ್ತು ವರ್ಷದ ನಂತರ ಬಾಬಾಸಾಹೇಬ ಕೇಳಿದ್ದೂ ಒಂದು ಕಾಗದವನ್ನೇ. ಗಾದಿಗೆ ಮಗನಿರಲಿಲ್ಲ. ದತ್ತು ತೆಗೆದುಕೊಳ್ಳಲು ಅನುಮತಿ ಬೇಡಿದ, ಸಿಗಲಿಲ್ಲ. ಹಿಂದೂ ಧರ್ಮಶಾಸ್ತ್ರದಲ್ಲಿ ದತ್ತುಪುತ್ರ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಸಮ. ಡಾಲ್‌ಹೌಸಿಯ ಲೆಕ್ಕದಲ್ಲಿ ಅದು ಸಂಸ್ಥಾನ ಉಳಿಸಿಕೊಳ್ಳುವ ಉಪಾಯ. 1848ರಲ್ಲಿ ಸಾತಾರಾ, 1854ರಲ್ಲಿ ನಾಗಪುರ ಮತ್ತು ಝಾನ್ಸಿ ಹೀಗೆಯೇ ಹೋಗಿದ್ದವು. ನರಗುಂದದವರಿಗೆ ಝಾನ್ಸಿಯವರೆಗೆ ಹೋಗುವ ಅಗತ್ಯವೂ ಇರಲಿಲ್ಲ. ಪಕ್ಕದ ಕಿತ್ತೂರಿನಲ್ಲಿ 1824ರಲ್ಲೇ ದತ್ತು ಒಪ್ಪದೆ, ಕಲೆಕ್ಟರ್ ಥ್ಯಾಕರೆ ಕೋಟೆಯ ಬಾಗಿಲಲ್ಲಿ ಸತ್ತು, ಕೊನೆಗೆ ಕಿತ್ತೂರೇ ಇಲ್ಲದಂತಾದದ್ದನ್ನು ನೋಡಿದ ಕಣ್ಣುಗಳು ಇನ್ನೂ ಬದುಕಿದ್ದವು.

ಆತ ಎಂಥ ಮನುಷ್ಯ? ಶತ್ರುಗಳೇ ಬರೆದಂತೆ ಓದುಬರಹದ ಮನುಷ್ಯ. ಸಾವಿರಾರು ಸಂಸ್ಕೃತ ಗ್ರಂಥಗಳ ಭಂಡಾರ ಅವನದು. ಅಂಥವನನ್ನು ತಂದು ಲಾವಣಿಯಲ್ಲಿ ಮೀಸೆ ತಿರುವಿಸುವಾಗ ನನಗೆ ಸ್ವಲ್ಪ ಇರುಸುಮುರುಸು. ಮಗನಿಲ್ಲದ, ಪುಸ್ತಕ ಕೂಡಿಸುವ ಯಜಮಾನ ತನ್ನ ನಂತರ ಈ ಪುಸ್ತಕಗಳು ಯಾರ ಕೈಗೆ ಹೋಗುತ್ತವೆ ಎಂದು ರಾತ್ರಿ ಚಿಂತಿಸಿರಬಹುದು. ದಾಖಲೆಯಲ್ಲಿಲ್ಲದ ಈ ಮಾತು ಕೇವಲ ನನ್ನ ಊಹೆ.

ಇನ್ನು 1857. ಆಯುಧ ಒಪ್ಪಿಸಬೇಕೆಂಬ ಹುಕುಂ ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಿಸಲಿಲ್ಲ. ನವೆಂಬರ್ ಕೊನೆಗೆ ಊರಿಗೆ ಬೆಂಕಿ ಬಿತ್ತು. ಡಿಸೆಂಬರ್ 11ರಂದು ಮುಧೋಳದ ಸಂತೆಯ ದಿನ 13 ಜನರನ್ನು, 14ರಂದು ಹಲಗಲಿಯಲ್ಲಿ 6 ಜನರನ್ನು ನೇಣುಹಾಕಿದರು. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಉಳಿದದ್ದು ಲಾವಣಿಯ ಪುಣ್ಯ. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚುಹಾಕಿಸಿದವನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ಇದೂ ಇತಿಹಾಸದ ಒಂದು ತಮಾಷೆ. ಇನಾಮು ಕಳೆದುಕೊಂಡ ದೇಸಾಯಿಗಳ ಸಿಟ್ಟನ್ನು ಬರೆಯುವಾಗ ನಾವು ಈ ಬೇಡರನ್ನು ಮರೆಯುತ್ತೇವೆ. ಕಳೆದುಕೊಳ್ಳಲು ಅವರಿಗೆ ಸನದೂ ಇರಲಿಲ್ಲ, ಇದ್ದದ್ದು ಒಂದು ಬಂದೂಕು, ಒಂದು ಕತ್ತಿ.

1858ರ ಮೇ ತಿಂಗಳ ಕೊನೆಗೆ ಮುಂಡರಗಿ ಭೀಮರಾಯ ಎದ್ದ. ಬಳ್ಳಾರಿ ಕಡೆ ಸರಕಾರದ ನೌಕರಿಯಲ್ಲಿ ಮಾಮಲೇದಾರನಾಗಿದ್ದು ಕೆಲಸ ಕಳೆದುಕೊಂಡವನು. ಡಂಬಳದ ಖಜಾನೆ ಒಡೆದು ಕೊಪ್ಪಳದ ಕೋಟೆ ಸೇರಿದ. ಈ ಸುದ್ದಿ ಹರಡುವ ಹೊತ್ತಿಗೆ ಮ್ಯಾನ್ಸನ್ ಕೆಲವೇ ಸವಾರರೊಂದಿಗೆ ರಾಮದುರ್ಗಕ್ಕೆ ಬಂದಿದ್ದ. ಪೊಲಿಟಿಕಲ್ ಏಜೆಂಟನಾಗುವ ಮೊದಲು ಇವನು ಇದೇ ಇನಾಮು ಕಮಿಷನ್ನಿನ ಕೆಲಸದಲ್ಲಿದ್ದವನು ಎಂಬುದನ್ನು ಬಿಟ್ಟು ಈ ಕತೆ ಹೇಳಿದರೆ ಕತೆಯೇ ತಪ್ಪುತ್ತದೆ. ನಾಡಿನ ಎಷ್ಟೋ ಮನೆಗಳಿಗೆ ಸರಕಾರವೆಂದರೆ ಅವನ ಮುಖ.

ರಾಮದುರ್ಗದ ಸಂಸ್ಥಾನಿಕ ಬಾಬಾಸಾಹೇಬನ ಮಲಸಹೋದರ. ಬ್ರಿಟಿಷರ ಕಡೆಯವನು. ನರಗುಂದದ ಹಾದಿ ಹಿಡಿಯಬೇಡ, ಅಣ್ಣನ ಮನಸ್ಸು ಕೆಟ್ಟಿದೆ ಎಂದು ಮ್ಯಾನ್ಸನ್‌ಗೆ ಎಚ್ಚರಿಸಿದ. ಬಾಬಾಸಾಹೇಬ ತನಗೆ ಬರೆದ ಪತ್ರವನ್ನೂ ತೋರಿಸಿದ. ಮತ್ತೆ ಕಾಗದ! ಮ್ಯಾನ್ಸನ್ ಹಾದಿ ಬದಲಿಸಿ ಸುರೇಬಾನದಲ್ಲಿ ರಾತ್ರಿ ತಂಗಿದ. ಮೇ 29ರ ಆ ರಾತ್ರಿ ನರಗುಂದದ ದಂಡು ಅಲ್ಲಿಗೆ ಬಂತು. ಪಲ್ಲಕ್ಕಿಯಲ್ಲಿ ಮಲಗಿದ್ದವನು ಎದ್ದು ಪಿಸ್ತೂಲು ಹಾರಿಸಿದ, ಅಷ್ಟರಲ್ಲಿ ಅವನ ಕತೆ ಮುಗಿದಿತ್ತು. ಮುಂಡವನ್ನು ಬೆಂಕಿಗೆ ಹಾಕಿದರು. ರುಂಡ ನರಗುಂದದ ಅಗಸಿಗೆ ಬಂದು ತೂಗಿತು.

ಇಲ್ಲಿ ಕೆಲವರು ಚಪ್ಪಾಳೆ ತಟ್ಟುತ್ತಾರೆ. ನನ್ನಿಂದ ಆಗುವುದಿಲ್ಲ. ನಿದ್ದೆಯಲ್ಲಿದ್ದವನ ಮೇಲೆ ನೂರಾರು ಜನ ಬೀಳುವುದರಲ್ಲಿ ವೀರವೇನಿದೆ? ಹಾಗೆಂದು ಇದನ್ನು ಬರಿಯ ಕೊಲೆ ಎಂದು ಬರೆದ ಇಂಗ್ಲಿಷರ ಜೊತೆಗೂ ನಾನಿಲ್ಲ. ಹತ್ತು ಹದಿನೈದು ವರ್ಷ ಒಂದು ಪ್ರಾಂತವನ್ನೇ ಕಟಕಟೆಯಲ್ಲಿ ನಿಲ್ಲಿಸಿದವರಿಗೆ ಕೊಲೆಯ ರಾತ್ರಿಯಿಂದ ಕತೆ ಶುರುಮಾಡುವುದು ಅನುಕೂಲ.

ಮುಂದಿನದು ಬೇಗ ಮುಗಿಯಿತು. ಜೂನ್ 1ರಂದು ಧಾರವಾಡದಿಂದ ಕರ್ನಲ್ ಮಾಲ್ಕಂನ ಪಡೆ ನರಗುಂದದ ಮುಂದೆ ನಿಂತಿತು. ಅದೇ ದಿನ ಅತ್ತ ಕೊಪ್ಪಳದಲ್ಲಿ ಭೀಮರಾಯ ಹೋರಾಡುತ್ತ ಸತ್ತ. ಮರುದಿನ ಸಿಪಾಯಿಗಳು ಗುಡ್ಡ ಹತ್ತಿದಾಗ ಕೋಟೆ ಬರಿದಾಗಿತ್ತು. ಆ ಗುಡ್ಡವನ್ನು ನೋಡಿದವರಿಗೆ ಗೊತ್ತು, ಸುತ್ತಲಿನ ಬಯಲಲ್ಲಿ ಒಬ್ಬ ಸವಾರ ಹೊರಟರೂ ಹರದಾರಿಗಟ್ಟಲೆ ಕಾಣುತ್ತದೆ. ಬಾಬಾಸಾಹೇಬ ಪಂಢರಪುರದ ಯಾತ್ರಿಕನ ವೇಷದಲ್ಲಿ ತೊರಗಲ್ಲಿನ ಕಡೆಗೆ ಹೊರಟಿದ್ದ. ಬೆಳಗಾವಿಯ ಪೊಲೀಸ್ ಅಧಿಕಾರಿ ಫ್ರಾಂಕ್ ಸೂಟರ್ ಅಲ್ಲಿ ಅವನನ್ನು ಹಿಡಿದ. ಈ ಸೂಟರ್ ಮುಂದೆ ಮುಂಬಯಿಯ ಪೊಲೀಸ್ ಕಮಿಷನರನಾದ, ಸರ್ ಪದವಿಯೂ ಬಂತು. ಬಾಬಾಸಾಹೇಬನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಬಿದ್ದು ಸತ್ತರು. ಅವರ ಮೇಲೆ ಯಾರೂ ಯಾವ ಆರೋಪವನ್ನೂ ಹೊರಿಸಿರಲಿಲ್ಲ. ಮುಂದೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ಸೆರೆ ಸಿಕ್ಕದ್ದು ಜೂನ್ 2. ಬೆಳಗಾವಿಯಲ್ಲಿ ವಿಚಾರಣೆ ನಡೆದು ಗಲ್ಲಾದದ್ದು ಜೂನ್ 12. ಹತ್ತು ದಿನ. ಒಂದು ಹೊಲದ ಇನಾಮು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದ್ದ ಸರಕಾರ ಒಂದು ತಲೆಯ ತೀರ್ಮಾನವನ್ನು ಹತ್ತು ದಿನದಲ್ಲಿ ಮುಗಿಸಿತು. ಕೊಂದದ್ದು ನಿಜವಾದ್ದರಿಂದ ಹತ್ತು ದಿನವೇ ಹೆಚ್ಚು ಎಂದು ಕೆಲವರು ಅಂದಾರು. ಆದರೆ ಅವನು ಬ್ರಿಟಿಷರ ಪ್ರಜೆಯೇ, ಅವರೊಡನೆ ಒಪ್ಪಂದದಲ್ಲಿದ್ದ ಸಂಸ್ಥಾನಿಕನೇ? ದತ್ತು ನಿರಾಕರಿಸಿದ್ದು ನ್ಯಾಯವೇ? ಈ ಪ್ರಶ್ನೆಗಳನ್ನು ಬಿಡಿಸಿ ಕೇಳಲು ಹತ್ತು ದಿನ ಯಾವ ಮೂಲೆಗೂ ಸಾಲದು. ಸಂಸ್ಥಾನ ಮುಟ್ಟುಗೋಲಾಗಿ ಧಾರವಾಡ ಜಿಲ್ಲೆಗೆ ಸೇರಿತು. ಕೋಟೆಯನ್ನು ಮತ್ತೆ ಬಳಸಲಾಗದಂತೆ ಮಾಡಿದರು. ಆ ಗ್ರಂಥ ಭಂಡಾರವೂ ನರಗುಂದದಲ್ಲಿ ಉಳಿಯಲಿಲ್ಲ.

ಬಂಗಾಲಿ ಚಿತ್ರದ ಮಗನಿಗೆ ಕೊನೆಗೂ ನಿಜವಾದ ಕೊಲೆಗಾರ ಸಿಗುತ್ತಾನೆ, ತಂದೆ ಜೈಲಿನಿಂದ ಹೊರಬರುತ್ತಾನೆ. ನರಗುಂದದ ಬಿಡುಗಡೆಯ ಕಾಗದವೂ ಬಂತು, ಆದರೆ ವಿಳಾಸ ಬೇರೆಯಾಗಿತ್ತು. 1858ರ ನವೆಂಬರ್ 1ರಂದು, ಬಾಬಾಸಾಹೇಬ ಗಲ್ಲಿಗೇರಿ ಐದು ತಿಂಗಳೂ ತುಂಬುವ ಮುಂಚೆ, ವಿಕ್ಟೋರಿಯಾ ರಾಣಿಯ ಘೋಷಣೆ ಹೊರಬಿತ್ತು. ಸಂಸ್ಥಾನಿಕರ ಹಕ್ಕುಗಳನ್ನು ಗೌರವಿಸುವುದಾಗಿ ಅದು ಹೇಳಿತು. 1862ರಲ್ಲಿ ಲಾರ್ಡ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಹಂಚಿದ. ಮಗನಿಲ್ಲದವನು ದತ್ತು ತೆಗೆದುಕೊಳ್ಳಬಹುದು, ಗಾದಿ ಉಳಿಯುತ್ತದೆ. ಬಾಬಾಸಾಹೇಬ ಬೇಡಿ ಪಡೆಯದೆ ಹೋದದ್ದು ಇದನ್ನೇ, ಅಕ್ಷರಶಃ ಇದನ್ನೇ.

ಅಂಥ ದತ್ತಕದ ಸನದು ಪಡೆದ ಮನೆತನಗಳಲ್ಲಿ ರಾಮದುರ್ಗದ ಭಾವೆಯವರೂ ಇದ್ದರು. ಆ ಸಂಸ್ಥಾನ 1948ರವರೆಗೆ ನಡೆಯಿತು.