ಕಾಡತೂಸು: ಕಾಗದದಿಂದ ಹಿತ್ತಾಳೆಗೆ

ಪ್ರತಿ ವರ್ಷ 1857ರ ಪಾಠ ಮಾಡುವಾಗ ಯಾರಾದರೊಬ್ಬ ವಿದ್ಯಾರ್ಥಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾನೆ. "ಸರ್, ಗುಂಡನ್ನು ಬಾಯಿಂದ ಕಚ್ಚೋದು ಯಾಕೆ?" ಪಾಠಪುಸ್ತಕದಲ್ಲಿ ಒಂದೇ ವಾಕ್ಯವಿರುತ್ತದೆ: ಹಸು ಮತ್ತು ಹಂದಿಯ ಕೊಬ್ಬು ಸವರಿದ ಕಾಡತೂಸುಗಳಿಂದ ಸಿಪಾಯಿಗಳ ಧಾರ್ಮಿಕ ಭಾವನೆಗೆ ಧಕ್ಕೆಯಾಯಿತು. ಕಾಡತೂಸು ಎಂದರೇನೆಂದು ತಿಳಿಯದ ಮಗುವಿಗೆ ಈ ವಾಕ್ಯ ಅರ್ಥವಾಗುವುದಿಲ್ಲ. ಸಿಪಾಯಿಗಳು ಮೂಢನಂಬಿಕೆಯಿಂದ ದಂಗೆ ಎದ್ದರು ಎಂದು ಬರೆದು ಮುಗಿಸುತ್ತದೆ. ಆದ್ದರಿಂದ ಕಾಡತೂಸಿನ ಕಥೆಯನ್ನೇ ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ಕನ್ನಡದ ಕಾಡತೂಸು, ನೆರೆಯ ಮರಾಠಿಯ ಕಾಡತೂಸ, ಹಿಂದಿಯ ಕಾರತೂಸ್ ಇವೆಲ್ಲ ಐರೋಪ್ಯರ ಜೊತೆ ಬಂದ ಒಂದೇ ಪದದ ರೂಪಗಳು. ಅದರ ಬೇರು ಇಟಾಲಿಯನ್ ಭಾಷೆಯ 'ಕಾರ್ತಾ', ಅಂದರೆ ಕಾಗದ. ಮೊದಲಿಗೆ ಕಾಡತೂಸು ನಿಜಕ್ಕೂ ಕಾಗದದ್ದೇ ಆಗಿತ್ತು. ಒಂದು ಸಲಕ್ಕೆ ಬೇಕಾದಷ್ಟು ಮದ್ದು ಮತ್ತು ಒಂದು ಸೀಸದ ಗುಂಡನ್ನು ಸೇರಿಸಿ ಸುತ್ತಿದ ಕಾಗದದ ಕೊಳವೆ ಅದು. ಸಿಪಾಯಿಯ ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಕಾಡತೂಸು. ಹಾಗಾಗಿ ಕೊಳವೆಯ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಸರಳಿನಿಂದ ಒಳಗೆ ತಳ್ಳಬೇಕಿತ್ತು. ಹಳೆಯ ನಯವಾದ ನಳಿಗೆಯ ಮಸ್ಕೆಟ್‌ಗೂ ಸಿಪಾಯಿಗಳು ಹೀಗೆಯೇ ಕಚ್ಚುತ್ತಿದ್ದರು. ಕಚ್ಚುವುದು ಹೊಸದಾಗಿರಲಿಲ್ಲ. ಕೊಬ್ಬು ಹೊಸದಾಗಿತ್ತು.

1853ರ ಮಾದರಿಯ ಎನ್‌ಫೀಲ್ಡ್ ರೈಫಲ್‌ನ ನಳಿಗೆಯೊಳಗೆ ಸುರುಳಿಯಾಗಿ ಮೂರು ಗೀರುಗಳಿದ್ದವು. ಗುಂಡು ತಿರುಗುತ್ತಾ ಹೋಗಿ ದೂರದ ಗುರಿ ಮುಟ್ಟಲಿ ಎಂದು ಈ ವ್ಯವಸ್ಥೆ. ನಳಿಗೆಯ ಒಳ ಅಳತೆ 0.577 ಅಂಗುಲ. ಗುಂಡಿನ ತೂಕ ಸುಮಾರು 34 ಗ್ರಾಂ, ಮದ್ದು ಸುಮಾರು 4.5 ಗ್ರಾಂ. ಕರಿಮದ್ದು ಉರಿದಾಗಲೆಲ್ಲ ನಳಿಗೆಯೊಳಗೆ ಕಿಟ್ಟ ಕಟ್ಟುತ್ತದೆ. ಆ ಕಿಟ್ಟದ ನಡುವೆ ಬಿಗಿಯಾದ ಗುಂಡು ಜಾರಿ ಇಳಿಯಬೇಕಾದರೆ ಜಿಡ್ಡು ಬೇಕು. ಅದಕ್ಕೇ ಕಾಡತೂಸಿನ ಗುಂಡಿರುವ ತುದಿಯನ್ನು ಕೊಬ್ಬು ಮತ್ತು ಮೇಣದ ಮಿಶ್ರಣದಲ್ಲಿ ಅದ್ದುತ್ತಿದ್ದರು.

ಇದನ್ನು ತರಗತಿಯಲ್ಲಿ ತೋರಿಸಲು ಒಮ್ಮೆ ಹಳೆಯ ನೋಟ್‌ಬುಕ್ಕಿನ ಹಾಳೆ ಸುತ್ತಿ ಕೊಳವೆ ಮಾಡಿದೆ. ಗುಂಡಿನ ಬದಲು ಸೀಮೆಸುಣ್ಣದ ತುಂಡು, ಮದ್ದಿನ ಬದಲು ಅಕ್ಕಿಹಿಟ್ಟು. ಒಂದು ತುದಿಗೆ ಎಣ್ಣೆ ಸವರಿ, "ಬಾ, ಕಚ್ಚು" ಎಂದು ಒಬ್ಬ ಹುಡುಗನನ್ನು ಕರೆದೆ. ಅವನು ಅದನ್ನು ಮೂಸಿ ನೋಡಿ, "ಸರ್, ಮೊದಲು ಇದು ಯಾವ ಎಣ್ಣೆ ಹೇಳ್ರಿ" ಅಂದ. ತರಗತಿ ನಕ್ಕಿತು. ನಾನು ನಗಲಿಲ್ಲ. ಸಿಪಾಯಿಗಳು ಕೇಳಿದ್ದೂ ಇದನ್ನೇ.

ಆ ಪ್ರಶ್ನೆಗೆ ಸರಕಾರದ ಬಳಿ ಉತ್ತರವಿರಲಿಲ್ಲ. 1853ರಲ್ಲಿಯೇ, ಜಿಡ್ಡು ಇಲ್ಲಿಯ ಹವಾಮಾನಕ್ಕೆ ತಡೆಯುತ್ತದೆಯೇ ಎಂದು ಪರೀಕ್ಷಿಸಲು ಇಂಗ್ಲೆಂಡಿನಿಂದ ಕಾಡತೂಸುಗಳು ಬಂದಿದ್ದವು. ಜಿಡ್ಡಿನಲ್ಲಿ ಏನಿದೆ ಎಂದು ಖಚಿತವಾಗದೆ ಭಾರತೀಯ ಸಿಪಾಯಿಗಳಿಗೆ ಇವನ್ನು ಕೊಡಬಾರದೆಂದು ಬಂಗಾಳ ಸೈನ್ಯದ ಅಧಿಕಾರಿ ಕರ್ನಲ್ ಟಕರ್ ಆಗಲೇ ಎಚ್ಚರಿಸಿದ್ದರು. ಆ ಮಾತು ಕಡತದಲ್ಲೇ ಉಳಿಯಿತು. ಮುಂದೆ ಕಲ್ಕತ್ತೆಯ ಬಳಿ ಕಾಡತೂಸು ತಯಾರಾಗತೊಡಗಿದಾಗ ಕೊಬ್ಬು ಗುತ್ತಿಗೆದಾರನಿಂದ ಬರುತ್ತಿತ್ತು. ಅದು ಯಾವ ಪ್ರಾಣಿಯದೆಂದು ನೋಡುವ ವಿಶೇಷ ಎಚ್ಚರವನ್ನು ಯಾರೂ ವಹಿಸಿರಲಿಲ್ಲ. 1857ರ ಜನವರಿಯಲ್ಲಿ ಡಮ್‌ಡಮ್‌ನಲ್ಲಿ ಮದ್ದಿನ ಕಾರ್ಖಾನೆಯ ಕೂಲಿಯಾಳೊಬ್ಬ ಬ್ರಾಹ್ಮಣ ಸಿಪಾಯಿಯ ತಂಬಿಗೆಯಿಂದ ನೀರು ಕೇಳಿದ. ಸಿಪಾಯಿ ಜಾತಿಯ ಕಾರಣಕ್ಕೆ ಕೊಡಲಿಲ್ಲ. ಆಗ ಕೂಲಿಯಾಳು, ಹಸು ಹಂದಿಯ ಕೊಬ್ಬು ಕಚ್ಚುವ ದಿನ ಬರಲಿದೆ, ಆಗ ನಿನ್ನ ಜಾತಿ ಎಲ್ಲಿರುತ್ತದೆ ಎಂಬ ಅರ್ಥದ ಮಾತಾಡಿದನೆಂದು ಅಧಿಕಾರಿಗಳೇ ಬರೆದಿಟ್ಟಿದ್ದಾರೆ.

ಸುದ್ದಿ ಹಬ್ಬಿದ ಮೇಲೆ ಆ ತಿಂಗಳೇ, ಸಿಪಾಯಿಗಳು ತಮಗೆ ಬೇಕಾದ ಜಿಡ್ಡನ್ನು ತಾವೇ ಸವರಿಕೊಳ್ಳಲಿ ಎಂಬ ಆದೇಶ ಬಂತು. ಬಳಿಕ ಹಲ್ಲಿನ ಬದಲು ಕೈಯಿಂದ ಹರಿಯಬಹುದು ಎಂದೂ ಹೇಳಿದರು. ಆದರೆ ಒಮ್ಮೆ ಹೋದ ನಂಬಿಕೆ ಆದೇಶದಿಂದ ಮರಳಿ ಬರಲಿಲ್ಲ. ಫೆಬ್ರವರಿ 26ರಂದು ಬೆಹ್ರಾಂಪುರದಲ್ಲಿ 19ನೆಯ ರೆಜಿಮೆಂಟು ಕಾಗದದ ಮೇಲೆಯೇ ಸಂಶಯಪಟ್ಟು ತಕರಾರು ಎತ್ತಿತು. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ ಪಾಂಡೆ ಎದ್ದು ನಿಂತ. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ಕಾಡತೂಸು ಮುಟ್ಟಲಿಲ್ಲ. ಅಂದು ಕೊಟ್ಟದ್ದು ಹಳೆಯ ಮಾದರಿಯದೇ ಆಗಿತ್ತು! ಮೇ 9ರಂದು ಅವರಿಗೆ ಬೇಡಿ ತೊಡಿಸಿ ಸೆರೆಮನೆಗೆ ಕಳಿಸಿದರು. ಮರುದಿನವೇ ಮೀರತ್ ಎದ್ದಿತು.

ವಿಶೇಷವೆಂದರೆ ಇದೇ 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಕಂಪನಿ ಲೋಹದ ಕಾಡತೂಸು ಬಳಸುವ ಪುಟ್ಟ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ಕಚ್ಚುವ ಕೆಲಸವೇ ಅದರಲ್ಲಿರಲಿಲ್ಲ. ಕಿಡಿ ಹುಟ್ಟಿಸುವ ರಾಸಾಯನಿಕ ಅದರ ಅಂಚಿನಲ್ಲೇ ಇತ್ತು. ಹೊಡೆದಾಗ ಅಂಚು ಜಜ್ಜಿಹೋಗುತ್ತಿದ್ದರಿಂದ ಅದು ಒಂದೇ ಸಲಕ್ಕೆ ಮುಗಿಯುತ್ತಿತ್ತು. 1860ರ ದಶಕದಲ್ಲಿ ಕಿಡಿಯ ಟೋಪಿಯನ್ನು ತಳದ ನಡುವೆ ಕೂರಿಸುವ ಪದ್ಧತಿ ಬೆಳೆಯಿತು. ಇದರಲ್ಲಿ ಎರಡು ಹೆಸರು ಮುಖ್ಯ: ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್, ಅಮೆರಿಕದ ಹೈರಮ್ ಬರ್ಡನ್. ಬಾಕ್ಸರ್ ಮಾದರಿಯ ತಳದಲ್ಲಿ ನಡುವೆ ಒಂದೇ ತೂತು. ತೆಳು ಕಡ್ಡಿಯಿಂದ ಒಳಗಿನಿಂದ ತಳ್ಳಿದರೆ ಹಳೆಯ ಟೋಪಿ ಉದುರಿ, ಹಿತ್ತಾಳೆ ಮತ್ತೆ ಬಳಕೆಗೆ ಬರುತ್ತದೆ. ಹಾಗಾಗಿ ಇಂಗ್ಲಿಷಿನವನ ಮಾದರಿ ಅಮೆರಿಕದಲ್ಲಿ ನೆಲೆನಿಂತಿತು, ಅಮೆರಿಕದವನದು ಯುರೋಪಿನ ಸೈನ್ಯಗಳಲ್ಲಿ!

ಅಂಗಡಿಯಿಂದ ನೂರಾರು ಮೈಲಿ ದೂರವಿದ್ದ ಅಮೆರಿಕದ ಬೇಟೆಗಾರನಿಗೆ ಖಾಲಿ ಹಿತ್ತಾಳೆಯೇ ಆಸ್ತಿ. ಗುಂಡು ಹಾರಿದಾಗ ಹಿತ್ತಾಳೆ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿ, ಹೊಗೆ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಹೀಗೆ ಹಿಗ್ಗಿದ್ದನ್ನು ಮತ್ತೆ ಅಳತೆಗೆ ತರಬೇಕು. ಸೀಸ ಕೆರೆಯದಂತೆ ಬಾಯಿಯನ್ನು ಕೂದಲೆಳೆಯಷ್ಟು ಅರಳಿಸಬೇಕು. ಗುಂಡು ಕೂತ ಮೇಲೆ ಮತ್ತೆ ಬಿಗಿಮಾಡಬೇಕು. ಇದಕ್ಕೆಂದು ಇಕ್ಕಳದಂಥ ಉಪಕರಣಗಳನ್ನು ಬಂದೂಕು ಕಂಪನಿಗಳೇ ಮಾರುತ್ತಿದ್ದವು. ಕಾಗದವಿರಲಿ, ಹಿತ್ತಾಳೆಯಿರಲಿ, ಕಾಡತೂಸು ಸಿದ್ಧಪಡಿಸುವುದು ಯಾವತ್ತೂ ಕೈಚಳಕದ ಕೆಲಸ. ಆ ಬೇಟೆಗಾರನಿಗೆ ತಾನು ಏನು ತುಂಬಿದ್ದೇನೆಂದು ಗೊತ್ತಿತ್ತು. ಸಿಪಾಯಿಗೆ ಗೊತ್ತಿರಲಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

1869ರಲ್ಲಿ ಪುಣೆಯ ಬಳಿ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಆರಂಭವಾಯಿತು. ಹಿತ್ತಾಳೆ ಬಂದ ಮೇಲೆ ಕೊಬ್ಬಿನ ಪ್ರಶ್ನೆ ಮುಗಿಯಿತು, ಅಪನಂಬಿಕೆ ಮುಗಿಯಲಿಲ್ಲ. ಹೊಸ ಬಂದೂಕು ಮೊದಲು ಬ್ರಿಟಿಷ್ ಸೈನಿಕರಿಗೆ, ಅವರು ಬಿಟ್ಟ ಹಳೆಯದು ಭಾರತೀಯ ಸಿಪಾಯಿಗಳಿಗೆ ಎಂಬುದು ಮುಂದೆ ನೀತಿಯೇ ಆಯಿತು. ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಹಲಗಲಿ ಬೇಡರ ಕಥೆಯೂ ಇದೇ ಅಪನಂಬಿಕೆಯದು. ಮುಧೋಳ ಸಂಸ್ಥಾನದ ಹಲಗಲಿಯವರು 1857ರ ನವೆಂಬರಿನಲ್ಲಿ ಎದ್ದದ್ದು ಕಾಡತೂಸಿಗಾಗಿ ಅಲ್ಲ, ಇರುವ ಆಯುಧವನ್ನೂ ಒಪ್ಪಿಸಬೇಕೆಂಬ ಕಾನೂನಿನ ವಿರುದ್ಧ. ಅಲ್ಲಿ ಆಳುವವರನ್ನು ಸಿಪಾಯಿ ನಂಬಲಿಲ್ಲ, ಇಲ್ಲಿ ಆಳುವವರು ಪ್ರಜೆಯನ್ನು ನಂಬಲಿಲ್ಲ.

1857ಕ್ಕೆ ಭೂಮಿ, ರಾಜ್ಯ, ಸಂಬಳ ಹೀಗೆ ಕಾರಣಗಳು ಹಲವು. ಅವುಗಳನ್ನು ಬಿಟ್ಟು ಕಾಡತೂಸನ್ನೇ ಹೇಳುವುದು ತಪ್ಪು. ಹಾಗೆಯೇ ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದೂ ತಪ್ಪು. ಶಿಕ್ಷಕ ಮಿತ್ರರು ಈ ಪಾಠ ಬಂದಾಗ ಒಂದು ಹಾಳೆ ಸುತ್ತಿ, ಎಣ್ಣೆ ಸವರಿ ಮಕ್ಕಳ ಕೈಗೆ ಕೊಟ್ಟು ನೋಡಿ. ಕಚ್ಚುವ ಮೊದಲು ಅವರು ಏನು ಕೇಳುತ್ತಾರೋ ಅದನ್ನೇ ಕಪ್ಪು ಹಲಗೆಯ ಮೇಲೆ ಬರೆದು ಪಾಠ ಶುರುಮಾಡಿ.