ಬಿಟ್ಟುಕೊಟ್ಟ ಅಂಕ

ಚಾಂಪಿಯನ್ನರ ಹಿರಿಮೆಯನ್ನು ಟ್ರೋಫಿಗಳಷ್ಟೇ ನಿರ್ಧರಿಸುತ್ತವೆಯೇ? ಏಳು ಗ್ರ್ಯಾಂಡ್‌ಸ್ಲಾಂ ಸಿಂಗಲ್ಸ್ ಪ್ರಶಸ್ತಿ ಗೆದ್ದ ಅಮೆರಿಕದ ಜಾನ್ ಮೆಕೆನ್ರೊ ಹೆಸರೆತ್ತಿದರೆ ಅಂಪೈರ್‌ಗಳೊಡನೆ ಆಡಿದ ಜಗಳವೂ ನೆನಪಾಗುತ್ತದೆ. ದುರ್ವರ್ತನೆಗಾಗಿ 1990ರ ಆಸ್ಟ್ರೇಲಿಯ ಓಪನ್‌ನಿಂದಲೇ ಅವರನ್ನು ಹೊರಹಾಕಲಾಯಿತು.

ಕೊಡಗಿನ ರೋಹನ್ ಬೋಪಣ್ಣ ಅವರದು ಬೇರೆ ದಾರಿ. 2010ರಲ್ಲಿ ಪಾಕಿಸ್ತಾನದ ಐಸಾಮ್ ಖುರೇಷಿ ಜತೆಗೂಡಿ, ಯುದ್ಧ ನಿಲ್ಲಲಿ ಎಂಬ ಸಂದೇಶ ಸಾರುತ್ತಲೇ ಅಮೆರಿಕ ಓಪನ್ ಡಬಲ್ಸ್ ಫೈನಲ್ ತಲುಪಿದರು. 2023ರಲ್ಲಿ ಮತ್ತೆ ಅದೇ ಟೂರ್ನಿಯ ಫೈನಲ್, ನಿರ್ಣಾಯಕ ಸೆಟ್. ಚೆಂಡು ತೋಳಿಗೆ ಸವರಿದ್ದನ್ನು ಅಂಪೈರ್ ಗಮನಿಸಲಿಲ್ಲ. ಬೋಪಣ್ಣ ತಾವೇ ಹೇಳಿ ಅಂಕ ಬಿಟ್ಟುಕೊಟ್ಟರು. ಆಗ ಅವರಿಗೆ 43 ವರ್ಷ. ಪುರುಷರ ಡಬಲ್ಸ್‌ನಲ್ಲಿ ಒಂದೂ ಗ್ರ್ಯಾಂಡ್‌ಸ್ಲಾಂ ದಕ್ಕಿರಲಿಲ್ಲ. ಪಂದ್ಯ ಸೋತರು.

2024ರ ಜನವರಿಯಲ್ಲಿ ಆಸ್ಟ್ರೇಲಿಯ ಓಪನ್ ಗೆದ್ದರು. ಆ ಟ್ರೋಫಿಯ ಜತೆಗೆ, ಬಿಟ್ಟುಕೊಟ್ಟ ಅಂಕವನ್ನೂ ಟೆನಿಸ್ ಪ್ರಿಯರು ನೆನೆಯುತ್ತಾರೆ.