ಕೆಚ್ಚಲುಬಾವಿನ ಮದ್ದು ಯಾರು ಬರೆದಿಟ್ಟರು?

ಆಕಳ ಕೆಚ್ಚಲು ಬಾತರೆ ನಮ್ಮ ಆದೋನಿ ಸೀಮೆಯಲ್ಲಿ ಆ ಬೇನೆಗೆ ಎರಡು ಹೆಸರು. ಮನೆಯಲ್ಲಿ ಕೆಚ್ಚಲುಬಾವು, ದನದ ದವಾಖಾನೆಯಲ್ಲಿ ಪೊದುಗುವಾಪು. ಎರಡೂ ಮಾತು ಮೊದಲಿಂದ ಇದ್ದವೇ. ಆದರೆ 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ, ಕಂಪನಿ ಕಾಲದಿಂದ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು ತಾಲೂಕು ಕರ್ನೂಲಿಗೆ ಸೇರಿದವು. ರಾಯದುರ್ಗ ಅನಂತಪುರಕ್ಕೆ ಹೋಯಿತು. ಬಾಯಲ್ಲಿ ಎರಡು ಭಾಷೆ ಉಳಿದರೂ ಸರಕಾರದ ಕಾಗದದ ಮೇಲೆ ಒಂದೇ ಆಯಿತು. ತೆಲುಗಿನ ಮೇಲೆ ನನಗೆ ಸಿಟ್ಟಿಲ್ಲ, ತೆಲುಗು ಪದಾನೂ ಹಾಡೋನು ನಾನು. ಆದರೆ ಮನೆಯೊಳಗಿನ ಮದ್ದು ಮೊದಲೇ ಬರಹಕ್ಕೆ ಇಳಿದಿರಲಿಲ್ಲ, ಆಮೇಲಂತೂ ಇಳಿಯೋ ದಾರಿ ಇನ್ನೂ ದೂರ ಆಯಿತು.

ಕನ್ನಡದಲ್ಲಿ ದನದ ವೈದ್ಯ ಬರೆದಿಟ್ಟದ್ದು ನಿನ್ನೆ ಮೊನ್ನೆಯ ಮಾತಲ್ಲ. ಕಲ್ಯಾಣದ ಚಾಲುಕ್ಯ ಮನೆತನದ ಕೀರ್ತಿವರ್ಮ 12ನೇ ಶತಮಾನದ ಮೊದಲ ಭಾಗದಲ್ಲೇ ‘ಗೋವೈದ್ಯ’ ಅನ್ನೋ ಗ್ರಂಥ ಬರೆದ. ಅರಸುಮನೆಯವನು ದನದ ಬೇನೆ ಬರೆಯೋಕೆ ಕುಂತ ಅಂದರೆ ಆವಾಗ ದನಕ್ಕೆ ಎಂಥ ಬೆಲೆ ಇತ್ತು, ನೋಡಿ. ಚೀನಾ ದೇಶದಲ್ಲೂ ಯೂ ಮನೆತನದ ಅಣ್ಣತಮ್ಮಂದಿರಿಬ್ಬರು 1608ರಲ್ಲಿ ಕುದುರೆ ವೈದ್ಯದ ದೊಡ್ಡ ಪುಸ್ತಕ ಮಾಡಿದರಂತೆ. ಅಲ್ಲಿ ಕೆಚ್ಚಲುಬಾವಿಗೆ ದಂಡೇಲಿಯನ್ ಅನ್ನೋ ಹಳದಿ ಹೂವಿನ ಗಿಡವನ್ನ ಇವತ್ತಿಗೂ ಬಳಸ್ತಾರೆ. ನಮಗೆ ಇದನ್ನೆಲ್ಲ ಹೇಳಿದವರು ಶಾಲೆಯ ಮಾಸ್ತರರು.

ನಮ್ಮ ಕಡೆ ಈ ವಿದ್ಯೆ ಇದ್ದದ್ದು ಹೆಂಗಸರ ಕೈಯಲ್ಲಿ. ಹಾಲು ಕರೆಯೋರು ಅವರು, ಕೆಚ್ಚಲು ಬಿಸಿ ಆದದ್ದು ಮೊದಲು ಗೊತ್ತಾಗೋದೂ ಅವರ ಬೆರಳಿಗೆ. ನಾನು ಹಾಡೋ ಪದಗಳಲ್ಲಿ ಆಕಳ ಕೊಂಬು ಐತಿ, ಕರು ಐತಿ, ಹಾಲು ಐತಿ. ಕೆಚ್ಚಲ ಬೇನೆ ಒಂದರಲ್ಲೂ ಇಲ್ಲ. ನಮ್ಮ ಓಣಿಯ ಇಬ್ಬರು ಮುದುಕಿಯರ ಹತ್ರ ಕುಂತು ಬರಕೊಂಡೆ. ಒಬ್ಬಾಕಿ ಹುತ್ತದ ಮಣ್ಣು ಕಲಸಿ ಹಚ್ಚಬೇಕು ಅಂದಳು. ಇನ್ನೊಬ್ಬಾಕಿ ಲೋಳೆಸರ, ಅರಿಷಿಣ, ಸುಣ್ಣ ಅಂದಳು. ‘ಸುಣ್ಣ ಎಷ್ಟವ್ವ?’ ಅಂದರೆ, ‘ಎಲೆಗೆ ಹಚ್ಚೋದಕ್ಕಿಂತ ಜಾಸ್ತಿ, ಗೋಡೆಗೆ ಬಳಿಯೋದಕ್ಕಿಂತ ಕಮ್ಮಿ’ ಅಂದಳು! ಕೆಲವರು ಬರೆ ಹಾಕಿಸ್ತಿದ್ದರು. ಹಳೇದೆಲ್ಲ ಒಳ್ಳೇದು ಅನ್ನೋ ಮಾತು ನಾನು ಒಪ್ಪೋದಿಲ್ಲ. ಕಾದ ಕಬ್ಬಿಣ ದನಕ್ಕೆ ಹಿಂಸೆ, ಅಷ್ಟೆ.

ಆವಾಗಿನ ಜವಾರಿ ಆಕಳು ಕರು ಕುಡಿದು ಮಿಕ್ಕಿದ್ದನ್ನ ಕೊಡ್ತಿತ್ತು. ಜರ್ಸಿ, ಎಚ್.ಎಫ್. ಮಿಶ್ರತಳಿ ಬಂದ ಮೇಲೆ ಹಾಲು ಹೆಚ್ಚಾಯಿತು, ಕೆಚ್ಚಲು ದೊಡ್ಡದಾಯಿತು, ಬಾವೂ ಹೆಚ್ಚಾಯಿತು. ಹಾಲು ಕರೆದ ಮೇಲೆ ಮೊಲೆಯ ತೂತು ಸುಮಾರು ಅರ್ಧ ಗಂಟೆ ತೆರೆದೇ ಇರ್ತದೆ. ಆಗ ದನ ಸಗಣಿಯಲ್ಲಿ ಮಲಗಿದರೆ ರೋಗದ ಸೂಕ್ಷ್ಮಜೀವಿ ಒಳಗೆ ಹೋಗ್ತದೆ. ಕರೆದ ಕೂಡಲೆ ಮೇವು ಹಾಕಿ ನಿಲ್ಲಿಸಬೇಕು ಅನ್ನೋದು ಇದಕ್ಕೇ. ಒಂದು ಮೊಲೆ ಸತ್ತರೆ ಆ ಭಾಗದ ಹಾಲು ಹೋದಂಗೇ. ಸಂತೆಯಲ್ಲಿ ‘ಮೂರು ಮೊಲೆ ಆಕಳು’ ಅಂತ ಬೆಲೆ ಬೀಳ್ತದೆ. ಅದಕ್ಕೇ ಜನ ಆಂಟಿಬಯಾಟಿಕ್ ಟ್ಯೂಬಿಗೆ, ಸೂಜಿಗೆ ಓಡ್ತಾರೆ. ಅದು ಬೇಕು, ಬೇಡ ಅನ್ನೋದಿಲ್ಲ. ಆದರೆ ಮದ್ದು ಹಾಕಿದ ದನದ ಹಾಲನ್ನ ಡಾಕ್ಟರು ಹೇಳಿದಷ್ಟು ದಿನ ಚೆಲ್ಲಬೇಕು. ಎಷ್ಟು ಮನೆಯಲ್ಲಿ ಚೆಲ್ತಾರೆ? ಕಂಡಕಂಡಂಗೆ ಹಾಕಿದರೆ ಮುಂದೆ ಅದೇ ಮದ್ದಿಗೆ ರೋಗ ಬಗ್ಗೋದಿಲ್ಲ.

ನನಗೆ ಆಶ್ಚರ್ಯ ಆದದ್ದು ಆಮೇಲಿನ ಕಥೆ. ಆ ಮುದುಕಿ ಹೇಳಿದ ಮೂರೇ ವಸ್ತು ತಂಜಾವೂರಿನ ಪಶುವೈದ್ಯ ಪ್ರಾಧ್ಯಾಪಕ ಎನ್. ಪುಣ್ಯಮೂರ್ತಿ ಅವರ ಕೈಗೆ ಹೋಗಿ ಅಳತೆ ಕಂಡವು. ಬೆಂಗಳೂರು ಯಲಹಂಕದ ಟಿ.ಡಿ.ಯು. ವಿಶ್ವವಿದ್ಯಾಲಯದವರೂ ಇದರಲ್ಲಿ ಕೆಲಸ ಮಾಡಿದರು. ಗುಜರಾತಿನ ಆನಂದದ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಅದನ್ನ ರೈತರಿಗೆ ಹಂಚಿತು. ಲೆಕ್ಕ ಹಿಂಗೈತಿ: ಲೋಳೆಸರ 250 ಗ್ರಾಂ, ಅರಿಷಿಣ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಅರೆದರೆ ಕೆಂಪಗಾಗ್ತದೆ. ಕೆಚ್ಚಲು ತೊಳೆದು, ಹಾಲು ಪೂರ್ತಿ ಹಿಂಡಿ ತೆಗೆದು, ಒಂದು ಹಿಡಿ ಮದ್ದು ನೀರಿನಲ್ಲಿ ತೆಳು ಮಾಡಿ ಕೆಚ್ಚಲಿಗೆಲ್ಲ ಹಚ್ಚಬೇಕು. ದಿನಕ್ಕೆ 10 ಸಲ, 5 ದಿನ. ಜೊತೆಗೆ ದಿನಾ ಎರಡು ನಿಂಬೆಹಣ್ಣು ಹೋಳು ಮಾಡಿ 3 ದಿನ ತಿನ್ನಿಸಬೇಕು. ದಿನಾ ಹೊಸದಾಗಿ ಅರೀಬೇಕು, ನಿನ್ನೆಯದು ಬೇಡ. ದೃಷ್ಟಿ ಆಗಬಾರದು ಅಂತ ಬಾಗಿಲಿಗೆ ತಲೆಕೆಳಗೆ ಕಟ್ತೀವಲ್ಲ, ಅದೇ ಲೋಳೆಸರ.

ಜ್ವರ ಬಂದು ದನ ಮೇವು ಬಿಟ್ಟರೆ, ಕೆಚ್ಚಲು ತಣ್ಣಗಾಗಿ ನೀಲಿಗೆ ತಿರುಗಿದರೆ, ಅರೆಯುತ್ತ ಕೂಡಬೇಡಿ, ಡಾಕ್ಟರನ್ನ ಕರೀರಿ. ಬಾತ ಮೊಲೆಯ ಹಾಲು ಕೊಟ್ಟಿಗೆಯಲ್ಲಿ ಹಿಂಡದೆ ಬೇರೆ ಪಾತ್ರೆಗೆ ಹಿಂಡಿ ದೂರ ಚೆಲ್ಲಿ, ಆ ಆಕಳನ್ನ ಕೊನೆಗೆ ಕರೀರಿ.